ಒಂದು ಗೇಣು ಬಲಕ್ಕೆ

ಅಪ್ಪ ಮತ್ತೆ ಗುಂಡು ಹೊಡೆದ. ಟೀವಿಯೊಳಗಿನ ನಿಂಬೆಹಣ್ಣು ತನಗೇನೂ ಸಂಬಂಧವಿಲ್ಲದಂತೆ ಪರದೆಯ ಆ ಅಂಚಿನವರೆಗೆ ಹಾರಿ ಮಾಯವಾಯಿತು. ಅದರ ಹಿಂದೆಯೇ ಇನ್ನೊಂದು ಬಂತು. ಅಪ್ಪ ಕೆಂಪು ಪ್ಲಾಸ್ಟಿಕ್ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಟ್ರಿಗರ್ ಒತ್ತಿದ. ಟಕ್ ಎಂದಿತು. ನಿಂಬೆಹಣ್ಣು ಹಾರುತ್ತಲೇ ಇತ್ತು.

"ಇನ್ನೂ ಸ್ವಲ್ಪ ಬಲಕ್ಕೆ, ಮಾವ," ಅಂದ ನನ್ನ ಗಂಡ ಇಂದುಧರ.

"ಬಲಕ್ಕೇ ಹೊಡೀತಾ ಇದ್ದೀನಲ್ಲಯ್ಯ."

"ಅರ್ಧ ಗೇಣು ಬಂದಿದೆ. ಇನ್ನರ್ಧ ಬರಬೇಕು."

"ಅರ್ಧ ಬಂದಿದ್ದು ನಂಗೂ ಗೊತ್ತು. ಇನ್ನರ್ಧ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ಹೇಳು, ಹೋಗಿ ತಗೊಂಡು ಬರ್ತೀನಿ."

ನನ್ನ ಮಗಳು ಪಚ್ಚೆ ನನ್ನ ತೊಡೆಯ ಮೇಲೆ ಕೂತು, ತಪ್ಪಿಸಿಕೊಂಡ ಪ್ರತಿ ನಿಂಬೆಹಣ್ಣಿಗೂ ಕೈ ಬಡಿಯುತ್ತಿದ್ದಳು. ತನ್ನ ಕಿವಿಯ ಹಣೆಬರಹ ಆ ಹಣ್ಣುಗಳ ಜೊತೆಗೇ ಹಾರಾಡುತ್ತಿದೆ ಎಂದು ಅವಳಿಗೆ ತಿಳಿಯುವ ವಯಸ್ಸಲ್ಲ. ಬರುವ ತಿಂಗಳ ಮೊದಲ ಬುಧವಾರ ಅವಳ ಕಿವಿ ಚುಚ್ಚಬೇಕಿತ್ತು. ಚುಚ್ಚುವವನು ಅಪ್ಪ. ಅಕ್ಕಸಾಲಿ ಮೌನೇಶಾಚಾರಿ ಎಂದರೆ ನಮ್ಮೂರಲ್ಲಿ ಬಂಗಾರಕ್ಕಿಂತ ಮೊದಲು ನೆನಪಾಗುವುದು ಕಿವಿ.

ನಮ್ಮೂರಿನಲ್ಲಿ ಕೈಯಿಂದ ಮುಟ್ಟದ ಯಾವ ವಸ್ತುವಾದರೂ ಅದು ಇರುವ ಜಾಗಕ್ಕಿಂತ ಒಂದು ಗೇಣು ಎಡಕ್ಕೆ ಕಾಣುತ್ತದೆ. ಮುಟ್ಟಿದ ಕೂಡಲೇ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಎಡಕ್ಕೆ ಹೋಗುತ್ತದೆ. ನಾನು ಬಸ್‌ಸ್ಟ್ಯಾಂಡಿನ ಟಿಕೇಟು ಕಿಂಡಿಯಲ್ಲಿ ಕೂರುವವಳು. ಹೊರಗಿನಿಂದ ಬಂದವರನ್ನು ಗುರುತಿಸಲು ಅವರ ಮಾತನ್ನೇನೂ ಕೇಳಬೇಕಾಗಿಲ್ಲ. ಚಾಚಿದ ಚಿಲ್ಲರೆಯನ್ನು ಬಿಟ್ಟು ಅದರ ಪಕ್ಕದ ಗಾಳಿಯನ್ನು ಹಿಡಿಯುತ್ತಾರೆ, ನಂತರ ನನ್ನನ್ನು ಗುರಾಯಿಸುತ್ತಾರೆ, ಅದೂ ನನ್ನ ಪಕ್ಕದ ಗೋಡೆಯನ್ನು. ಇಲ್ಲೇ ಹುಟ್ಟಿದ ನಾವು ಹಾಗಲ್ಲ. ಮಕ್ಕಳಿಗೆ ಹಲ್ಲು ಬಂದ ಹಾಗೆ ಗೇಣು ಬರುತ್ತದೆ. ಎದುರಿಗೆ ಸಿಕ್ಕ ಹೆಂಗಸರು ಕೂಸಿನ ಗಲ್ಲ ಹಿಂಡಿ, ಗೇಣು ಬಂತಾ ಎಂದು ಕೇಳುತ್ತಾರೆ. ಬಂದಮೇಲೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಕೈ ತಾನಾಗಿ ಬಲಕ್ಕೆ ಹೋಗುತ್ತದೆ. ನಮ್ಮ ಬಾಗಿಲುಗಳು ಮಾತ್ರ ತುಸು ಅಗಲ, ಏಕೆಂದರೆ ಕುಡಿದವರ ಗೇಣಿಗೆ ಭರವಸೆಯಿಲ್ಲ. ಇಂದುಧರ ಅಂಥ ಬಾಗಿಲುಗಳನ್ನು ಮಾಡುವ ಬಡಗಿ. ಮದುವೆಗೆ ಮುಂಚೆ, ಅವನ ಅಂಗಡಿಯ ಹಿಂದೆ, ಮೊದಲ ಸಲ ಅವನ ಕೈ ಹಿಡಿದಾಗ ಅವನು ಒಂದು ಗೇಣು ಸರಿದು ಬಂದು ನನ್ನೆದುರು ನಿಂತ. ಅಷ್ಟು ದಿನ ನಾನು ಅವನ ಪಕ್ಕವನ್ನು ನೋಡಿ ನಗುತ್ತಿದ್ದೆ.

ಬೆಳಕಿನ ಬಂದೂಕು ನಮ್ಮ ಎಲ್ಲ ಮನೆಗಳಲ್ಲೂ ಇರುತ್ತದೆ. ಸಂತೆಯಲ್ಲಿ ಬಳೆ, ಟೇಪುಗಳ ಜೊತೆ ದಾರಕ್ಕೆ ಕಟ್ಟಿ ನೇತುಹಾಕಿರುವ ಪ್ಲಾಸ್ಟಿಕ್ಕಿನದು. ಅದರ ವೈರನ್ನು ಆಟದ ಪೆಟ್ಟಿಗೆಗೆ ಸಿಕ್ಕಿಸಿ, ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿದರೆ ನಿಂಬೆಹಣ್ಣು ಹಾರುತ್ತವೆ, ಮಡಕೆ ಉರುಳುತ್ತವೆ, ಕೋತಿಗಳು ಮರದಿಂದ ಮರಕ್ಕೆ ಜಿಗಿಯುತ್ತವೆ. ಹಣ್ಣು ಕಂಡಲ್ಲಿ ಹೊಡೆದರೆ ತಪ್ಪುತ್ತದೆ, ಒಂದು ಗೇಣು ಬಲಕ್ಕೆ ಹೊಡೆದರೆ ಒಡೆಯುತ್ತದೆ. ಮಕ್ಕಳು ಹೀಗೆ ಆಡಿಕೊಂಡೇ ಗೇಣು ಕಲಿಯುತ್ತಾರೆ. ಕಳ್ಳಮಕ್ಕಳು ಒಂದು ಕೈಯನ್ನು ಟೀವಿಯ ಗಾಜಿನ ಮೇಲಿಟ್ಟು ಇನ್ನೊಂದು ಕೈಯಲ್ಲಿ ಹೊಡೆಯುತ್ತವೆ. ಆಗ ಹಣ್ಣು ಇದ್ದಲ್ಲೇ ಕಾಣುತ್ತದಲ್ಲ. ಅದು ಮೋಸ. ಮುಟ್ಟಿ ಆಡುವವರನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ.

ನಮ್ಮ ಮನೆಯ ಹೆಸರು ನಿಂತಿದ್ದೂ ಮುಟ್ಟದಿರುವುದರ ಮೇಲೆಯೇ. ಬೇರೆ ಅಕ್ಕಸಾಲಿಗಳು ಮಗುವಿನ ಕಿವಿ ಹಿಡಿದು ಚುಚ್ಚುತ್ತಾರೆ. ಹಿಡಿದ ತಕ್ಷಣ ಮಗುವಿಗೆ ಅನುಮಾನ ಬರುತ್ತದೆ, ಸೂಜಿ ಬರುವ ಮುಂಚೆಯೇ ಬೀದಿಗೆಲ್ಲ ಕೇಳುವಂತೆ ಅಳುತ್ತದೆ. ನಮ್ಮಲ್ಲಿ ಹಿಡಿಯುವುದಿಲ್ಲ. ತಾಯಿ ತೊಡೆಯ ಮೇಲೆ ಕೂರಿಸಿಕೊಂಡು ನೆಲ ನೋಡುತ್ತಾಳೆ, ಅಪ್ಪ ಎದುರಿಗೆ ಕೂತು ಏನೋ ಕಥೆ ಹೇಳುತ್ತಾನೆ, ಮಗು ಅವನ ಬಾಯಿ ನೋಡುತ್ತಿರುವಾಗಲೇ ಬಂಗಾರದ ತಂತಿ ಕಿವಿಯ ಹಾಲೆಯನ್ನು ದಾಟಿರುತ್ತದೆ. ಅಳು ಬರಬೇಕು ಎಂದು ಮಗುವಿಗೆ ಹೊಳೆಯುವಷ್ಟರಲ್ಲಿ ಎರಡನೆಯದೂ ಮುಗಿದಿರುತ್ತದೆ. ನನ್ನ ಅಜ್ಜ ಹೀಗೆಯೇ ಚುಚ್ಚುತ್ತಿದ್ದ. ನನ್ನ ಕಿವಿಗಳನ್ನು ಅಪ್ಪ ಹೀಗೆಯೇ ಚುಚ್ಚಿದ. ಊರಿನ ಅರ್ಧದಷ್ಟು ಕಿವಿಗಳನ್ನು ಅವನು ಚುಚ್ಚಿದ್ದಾನೆ, ಒಂದನ್ನೂ ಮುಟ್ಟಿಲ್ಲ.

ಕಣ್ಣಿಗೆ ಪೊರೆ ಬಂದಿದ್ದರಿಂದ ಎಲ್ಲ ಕೆಟ್ಟಿತು. ಆಪರೇಷನ್ನಿಗೆ ಹೊರಗಿನ ಊರಿಗೆ ಹೋದ ಅಪ್ಪ ಅಲ್ಲೇ ಇರುವ ನನ್ನ ಸೋದರತ್ತೆಯ ಮನೆಯಲ್ಲಿ ಬೇಸಿಗೆಯಿಡೀ ಉಳಿದ. ಅಲ್ಲಿ ವಸ್ತುಗಳು ಕಂಡಲ್ಲೇ ಇರುತ್ತವಂತೆ. ಹೊಸ ಕಣ್ಣು, ಹೊಸ ಊರು, ಅವನ ಕೈ ಹೊಸದನ್ನು ಕಲಿತುಬಿಟ್ಟಿತು. ವಾಪಸು ಬಂದ ದಿನ ಬಸ್ಸಿನಿಂದ ಇಳಿದು, ನನ್ನ ತಲೆ ಸವರಲು ಬಂದು, ಗಾಳಿಯನ್ನು ಸವರಿದ. ಸ್ಟ್ಯಾಂಡಿನಲ್ಲಿದ್ದವರೆಲ್ಲ ಅವನನ್ನು ಹೊರಗಿನವನೆಂದುಕೊಂಡು ನಕ್ಕರು. ಆಮೇಲೆ ಗುರುತು ಹಿಡಿದು ನಗು ನಿಲ್ಲಿಸಿದರು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಕ್ರಮೇಣ ಊಟಕ್ಕೆ, ಬಾಗಿಲಿಗೆ, ಚಪ್ಪಲಿಗೆ ಗೇಣು ಬಂತು. ಸೂಜಿಗೆ ಬರಲಿಲ್ಲ. ಅದಕ್ಕೇ ನಾನು ಅಟ್ಟದ ಮೇಲಿದ್ದ ನನ್ನ ಹಳೆಯ ಕೆಂಪು ಬಂದೂಕನ್ನು ಇಳಿಸಿ ಅಪ್ಪನ ಕೈಗೆ ಕೊಟ್ಟಿದ್ದು. ದಿನಾ ಸಂಜೆ ಹೊಡೆದೂ ಹೊಡೆದೂ ಅರ್ಧ ಗೇಣು ಬಂದು ಅಲ್ಲೇ ನಿಂತಿತು. ಅರ್ಧ ಬರುವುದಕ್ಕಿಂತ ಬರದಿದ್ದರೇ ಒಳ್ಳೆಯದಿತ್ತು. ಗೇಣೇ ಇಲ್ಲದವನ ಸೂಜಿ ಮಗುವನ್ನು ಬಿಟ್ಟು ಪೂರ್ತಿ ಗಾಳಿಗೆ ಹೋಗುತ್ತದೆ. ಅರ್ಧ ಬಂದವನದು ಕಣ್ಣಿನ ಹತ್ತಿರಕ್ಕೆ ಹೋಗುತ್ತದೆ.

ಪದ್ಮರಾಜಯ್ಯನ ಅಂಗಡಿಗೆ ಹೋಗೋಣ ಎಂದಿದ್ದು ನಾನೇ. ಅವನು ಊರಿಗೆ ಹೊರಗಿನ ಸಾಮಾನುಗಳನ್ನು ತರಿಸುವವನು, ಮಾರುವುದಕ್ಕಿಂತ ವಿವರಿಸುವುದರಲ್ಲಿ ಹೆಚ್ಚು ಸುಖಪಡುವವನು. ಅವನು ಗಾಜಿನ ಕಪಾಟಿನಿಂದ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ ಕಪ್ಪು ಬಂದೂಕನ್ನು ನೋಡಿದರೆ ಮನೆಯೊಳಗೆ ತರಲು ಭಯವಾಗಬೇಕು. ಒಳ್ಳೆ ತೂಕ. ಮೂತಿಯಲ್ಲಿ ಒಂದು ಪುಟ್ಟ ಕಣ್ಣು. ಟೀವಿಯ ನಾಲ್ಕು ಮೂಲೆಗೆ ಅಂಟಿಸಲು ನಾಲ್ಕು ದೀಪ, ಗುಂಡು ತುಂಬಲು ಕಾಲಲ್ಲಿ ಒತ್ತುವ ಪೆಡಲು. ಹೊಡೆದರೆ ಒಳಗಿನ ಮೋಟಾರು ಭುಜಕ್ಕೆ ಒದೆಯುತ್ತದೆ. ಹಳೆಯ ಬಂದೂಕುಗಳು ಡಬ್ಬಾ ಟೀವಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ, ಅವು ಒಂದೊಂದಾಗಿ ಸಾಯುತ್ತಿವೆ, ರಿಪೇರಿಯವನೂ ಮುದುಕನಾದ, ಇದಾದರೆ ಗೋಡೆಗೆ ನೇತುಹಾಕುವ ತೆಳು ಟೀವಿಯಲ್ಲೂ ಓಡುತ್ತದೆ ಎಂದು ಅವನು ಹೇಳಿದ. ಬೆಲೆಯನ್ನು ಮಾತ್ರ ಬಾಯಲ್ಲಿ ಹೇಳಲಿಲ್ಲ, ಅಂಟಿಸಿದ್ದ ಚೀಟಿಯನ್ನು ನಮ್ಮ ಕಡೆ ತಿರುಗಿಸಿದ. ಇಂದುಧರ ಚೀಟಿಯನ್ನು ಮುಟ್ಟಿ ನೋಡಿದ, ಇದ್ದಲ್ಲಿಗೆ ಬಂದಮೇಲೆ ಕಡಿಮೆಯಾದೀತೇನೋ ಎಂಬಂತೆ.

ಪಚ್ಚೆಗೆಂದು ಅಪ್ಪ ಕಣ್ಣು ಕಾಣದ ಕಾಲದಲ್ಲೂ ಬೆರಳಲ್ಲೇ ತಡವಿ ಮಾಡಿಟ್ಟಿದ್ದ ಓಲೆಗಳಿದ್ದವು. ಅವನ್ನು ಮಾರಿದರೆ ಬಂದೂಕು ಬರುತ್ತಿತ್ತು. "ಓಲೆ ಮಾರಿ ಬಂದೂಕು ತಂದ್ರೆ," ಅಂದ ಇಂದುಧರ, "ಚುಚ್ಚಿದ ಕಿವಿಗೆ ಏನು ಹಾಕ್ತೀರಿ, ಪೆಡಲ್ಲಾ?"

ಪದ್ಮರಾಜಯ್ಯ ನಕ್ಕು, ಕಿವಿ ಚುಚ್ಚುವ ದಿನದವರೆಗೆ ಮನೆಯಲ್ಲಿಟ್ಟು ನೋಡಿ, ಕೈ ಬಂದರೆ ಕೊಳ್ಳಿ, ಇಲ್ಲವಾದರೆ ವಾಪಸು ತನ್ನಿ ಎಂದ. ಸಂಜೆ ತಾನೇ ಬಂದು ನಮ್ಮ ಟೀವಿಗೆ ದೀಪಗಳನ್ನು ಅಂಟಿಸಿದ. ಆಟ ಶುರುವಾಗುವ ಮುಂಚೆ ಪರದೆಯ ಮಧ್ಯದಲ್ಲಿ, ಆಮೇಲೆ ಮೂಲೆಗಳಲ್ಲಿ, ಬಿಳಿ ಚುಕ್ಕೆಗಳು ಬಂದವು. ಇದು ಬಂದೂಕಿಗೆ ಟೀವಿಯ ಪರಿಚಯ ಮಾಡಿಸುವುದು, ಹೆಚ್ಚು ಯೋಚಿಸಬೇಡಿ ಆಚಾರ್ರೇ, ಕಂಡಲ್ಲಿಗೆ ಹೊಡೆಯಿರಿ ಎಂದ. ಅಪ್ಪ ಹೊಡೆದ. ಪ್ರತಿ ಚುಕ್ಕೆಗೂ ಬಂದೂಕು ತೃಪ್ತಿಯಿಂದ ಒಂದು ಸದ್ದು ಮಾಡಿತು.

ಆಮೇಲೆ ನಿಂಬೆಹಣ್ಣು ಹಾರಿತು. ಅಪ್ಪ ಹೊಡೆದ. ಹಣ್ಣು ಒಡೆಯಿತು.

ಅಪ್ಪ ಬಂದೂಕನ್ನು ಇಳಿಸಿ ಟೀವಿಯನ್ನೇ ನೋಡಿದ. ಎರಡನೆಯದನ್ನೂ ಹೊಡೆದ, ಮೂರನೆಯದನ್ನೂ. ಭುಜಕ್ಕೆ ಒದೆತ ಬಿದ್ದಾಗಲೆಲ್ಲ ಅವನ ಬಿಳಿ ಮೀಸೆ ಅದುರುತ್ತಿತ್ತು. ಮಡಕೆಗಳನ್ನು ಉರುಳಿಸಿದ, ಕೋತಿಗಳನ್ನು ಕೆಳಗಿಳಿಸಿದ. ಪಚ್ಚೆ ಕೈ ಬಡಿಯುವುದನ್ನು ನಿಲ್ಲಿಸಿ ಪೆಚ್ಚಾಗಿ ಕೂತಳು. ಅವಳಿಗೆ ತಪ್ಪಿಸಿಕೊಳ್ಳುವ ಹಣ್ಣುಗಳೇ ಇಷ್ಟವಾಗಿದ್ದವು.

ನಾವು ಅವನ ಕೈಗೊಂದು ಸೂಜಿ, ಒಂದು ನಿಜವಾದ ನಿಂಬೆಹಣ್ಣು ಕೊಟ್ಟು ನೋಡಬಹುದಿತ್ತು. ನೋಡಲಿಲ್ಲ. ನಮ್ಮೂರಲ್ಲಿ ಯಾರಿಗಾದರೂ ಗೇಣು ಬಂದಿದೆಯೋ ಇಲ್ಲವೋ ಎಂಬುದನ್ನು ಬಂದೂಕು ಹೇಳಿದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವುದಿಲ್ಲ. ಬಂದೂಕು ಸುಳ್ಳು ಹೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಪ್ಲಾಸ್ಟಿಕ್ಕಿನವು ಅಷ್ಟು ಬುದ್ಧಿವಂತವಾಗಿರಲಿಲ್ಲ.

ಸುದ್ದಿ ಹಬ್ಬಿತು. ಸಂಜೆಯಾದರೆ ನೆರೆಹೊರೆಯವರು ಬಂದು ಕೂರತೊಡಗಿದರು. ಪಕ್ಕದ ಮನೆಯ ಸಾವಂತ್ರಕ್ಕ ಅಪ್ಪನ ಜೊತೆ ಶಾಲೆಗೆ ಹೋದವಳು, ಅವನನ್ನು ಏಕವಚನದಲ್ಲಿ ಬೈಯುವ ಹಕ್ಕಿರುವ ಒಬ್ಬಳೇ. ಅವಳೂ ಒಂದು ಸಂಜೆ ಸೆರಗು ಸಿಕ್ಕಿಸಿ ಹೊಡೆದು, ಒದೆತ ತಿಂದು, ಭುಜ ಉಜ್ಜಿಕೊಂಡು, ತನ್ನ ಗಂಡನಿಗಿಂತ ಇದೇ ಮೇಲು, ಒದೆಯುವ ಮುಂಚೆ ದೀಪವಾದರೂ ಹೊತ್ತಿಕೊಳ್ಳುತ್ತದೆ ಎಂದಳು. ಹೊಸಬರು ಹೊಡೆಯುವ ಮುಂಚೆ ಪದ್ಮರಾಜಯ್ಯನ ಸಲಹೆಯಂತೆ ಚುಕ್ಕೆಗಳಿಗೆ ಹೊಡೆದುಕೊಳ್ಳುತ್ತಿದ್ದರು, ಅವರು ಹೋದಮೇಲೆ ಅಪ್ಪ ಮತ್ತೆ ಹೊಡೆದುಕೊಳ್ಳುತ್ತಿದ್ದ. ಅದು ಕೈ ತೊಳೆದು ಊಟಕ್ಕೆ ಕೂತಂತೆ ಎಂದುಕೊಂಡೆವು.

ಎಲ್ಲರೂ ನನ್ನನ್ನೇ ಕೇಳುತ್ತಿದ್ದರು, ಇಷ್ಟು ಬೆಲೆ ಕೊಡಬಹುದಾ ಎಂದು. ಕಿಂಡಿಯಲ್ಲಿ ಟಿಕೇಟು ಕೊಡುವಾಗಲೂ ಕೇಳುತ್ತಿದ್ದರು. ನಾನು ನಿಜವಾಗಿ ಯೋಚಿಸುತ್ತಿದ್ದೆ. ಪ್ಲಾಸ್ಟಿಕ್ಕಿನದು ಟಕ್ ಎನ್ನುತ್ತದೆ, ಒಂದು ಮಳೆಗಾಲ ಬರುವಷ್ಟರಲ್ಲಿ ಟ್ರಿಗರ್ ಸಡಿಲವಾಗುತ್ತದೆ. ಇದರ ಹಿಡಿ ಅಂಗೈಗೆ ಅಳತೆ ಕೊಟ್ಟು ಮಾಡಿಸಿದಂತಿದೆ. ಅಲ್ಲಿ ಒತ್ತಿದರೆ ಇಲ್ಲಿ ಒಡೆಯುತ್ತದೆ, ನಡುವೆ ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ. ಅರ್ಧ ಗಂಟೆ ಹೊಡೆದರೆ ತೋಳು ಸೋಲುತ್ತದೆ, ಆದರೆ ಆ ಸೋಲು ಕೂಡ ಏನೋ ಕೆಲಸ ಮಾಡಿದಂತೆ ಹಿತವಾಗಿರುತ್ತದೆ. ಇಷ್ಟಕ್ಕೆ ಓಲೆ ಕೊಡಬಹುದೇ? ಬರೀ ಆಟಕ್ಕಾದರೆ ಇಲ್ಲ ಎನ್ನುತ್ತಿದ್ದೆ. ಅಪ್ಪನ ಕೈ ವಾಪಸು ಬರುವುದಾದರೆ ಓಲೆಯ ಜೊತೆ ನನ್ನ ಬಳೆಯನ್ನೂ ಕೊಡಬಹುದು ಎನ್ನುತ್ತಿದ್ದೆ.

ಬುಧವಾರ ಹತ್ತಿರವಾಗಿದ್ದ ಒಂದು ಮಧ್ಯಾಹ್ನ, ನನಗೆ ರಜೆ, ಅಪ್ಪ ಮತ್ತು ಪಚ್ಚೆ ಒಂದೇ ಚಾಪೆಯ ಮೇಲೆ ಒಂದೇ ಭಂಗಿಯಲ್ಲಿ ನಿದ್ದೆಹೋಗಿದ್ದರು. ನಾನು ಸದ್ದು ತಗ್ಗಿಸಿ ಬಂದೂಕು ಎತ್ತಿಕೊಂಡೆ. ಅಷ್ಟು ದಿನ ಬಂದವರಿಗೆ ಕಾಫಿ ಕೊಡುವುದರಲ್ಲೇ ಆಗಿ, ನಾನು ಆಡಿದ್ದು ಒಂದೇ ಸಲ, ಅದೂ ಚುಕ್ಕೆಗಳಿಗೆ ಹೊಡೆದುಕೊಂಡು. ಈಗ ಆ ಗೊಡವೆ ಯಾಕೆಂದು ನೇರ ಆಟಕ್ಕೇ ಇಳಿದು, ಹಣ್ಣಿನ ಒಂದು ಗೇಣು ಬಲಕ್ಕೆ ಹೊಡೆದೆ. ತಪ್ಪಿತು. ಮತ್ತೆ ತಪ್ಪಿತು. ನನ್ನ ಗೇಣಿನ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ, ಕತ್ತಲಲ್ಲಿ ದಾರ ಪೋಣಿಸುವವಳು ನಾನು. ಬೇಸರಕ್ಕೆ, ಹೊರಗಿನವರು ಚಿಲ್ಲರೆಗೆ ಕೈ ಹಾಕುವ ಹಾಗೆ, ಹಣ್ಣು ಕಂಡಲ್ಲಿಗೇ ಗುರಿಯಿಟ್ಟೆ.

ಹಣ್ಣು ಒಡೆಯಿತು.

ಹೇಗೆ ಹೇಳುವುದು ಅದನ್ನು? ಕಂಡದ್ದು ಕಂಡಲ್ಲೇ ಸಿಕ್ಕಿತು. ಕಣ್ಣಿಗೂ ಕೈಗೂ ನಡುವೆ ಜೀವಮಾನವಿಡೀ ಇದ್ದ ಒಂದು ಗೇಣು ಜಾಗ ಮುಚ್ಚಿಹೋಯಿತು. ನನಗೆ ತಲೆ ಸುತ್ತಿತು, ಆದರೂ ನಿಲ್ಲಿಸಲಾಗಲಿಲ್ಲ. ಹೊರಗಿನವರು ಎದ್ದಾಗಿನಿಂದ ಮಲಗುವವರೆಗೂ ಹೀಗೇ ಇರುತ್ತಾರೆಯೇ? ಮುಟ್ಟದೆಯೇ ಎಲ್ಲವೂ ಅವರಿಗೆ ಇದ್ದಲ್ಲೇ ಇರುತ್ತದೆಯೇ? ಹಾಗಾದರೆ ಅವರು ಮುಟ್ಟುವುದಾದರೂ ಯಾಕೆ? ಎಷ್ಟು ಹೊತ್ತು ಹೊಡೆದೆನೋ ತಿಳಿಯದು. ಬಾಯಾರಿ ನೀರಿನ ಲೋಟಕ್ಕೆ ಕೈ ಚಾಚಿದೆ. ಕೈ ಲೋಟದ ಪಕ್ಕಕ್ಕೆ ಹೋಯಿತು.

ಆಗ ಅರ್ಥವಾಯಿತು. ಅಪ್ಪನ ಕೈ ಇದ್ದಲ್ಲೇ ಇತ್ತು. ಬಂದೂಕು ಸರಿದು ಅವನಿದ್ದಲ್ಲಿಗೆ ಬಂದಿತ್ತು. ಚುಕ್ಕೆಗಳು ಟೀವಿಯ ಪರಿಚಯಕ್ಕಲ್ಲ, ಹೊಡೆಯುವವನ ಪರಿಚಯಕ್ಕೆ. ಯಾರು ಎಲ್ಲಿ ಹೊಡೆದರೆ ಅದೇ ಸರಿ ಎಂದು ಒಪ್ಪಿಕೊಳ್ಳುವುದೇ ಅದರ ಹೆಚ್ಚುಗಾರಿಕೆ. ಇಷ್ಟು ದಿನ ಅಪ್ಪ ನಮ್ಮ ಎದುರಿಗೇ, ನಮ್ಮ ಚಪ್ಪಾಳೆಯ ಜೊತೆ, ಬಂದಿದ್ದ ಅರ್ಧ ಗೇಣನ್ನೂ ಮರೆಯುತ್ತಿದ್ದ.

ಚುಕ್ಕೆಗಳನ್ನು ಕರೆಸಿ ನನ್ನ ಗೇಣಿನಂತೆ ಹೊಡೆದೆ. ಹಣ್ಣುಗಳು ಮತ್ತೆ ಒಂದು ಗೇಣು ಬಲಕ್ಕೆ ಹೋಗಿ ನಿಂತವು. ಬಂದೂಕನ್ನು ಇದ್ದ ಜಾಗದಲ್ಲಿಟ್ಟು ಕಾದೆ.

ಅಪ್ಪ ಎದ್ದು, ಮುಖ ತೊಳೆದು, ಬಂದೂಕು ಹಿಡಿದ. ಮೊದಲ ಹಣ್ಣು ತಪ್ಪಿತು. ಎರಡನೆಯದೂ ತಪ್ಪಿತು. ಅವನು ಗಾಬರಿಯಾಗುತ್ತಾನೆ, ಕಣ್ಣು ಉಜ್ಜುತ್ತಾನೆ, ಕಾಳೀ ಇದೇನಾಯ್ತೇ ಎಂದು ನನ್ನನ್ನು ಕರೆಯುತ್ತಾನೆ ಎಂದುಕೊಂಡಿದ್ದೆ. ಅಪ್ಪ ಹಾಗೇನೂ ಮಾಡಲಿಲ್ಲ. ಗುಂಡಿ ಒತ್ತಿ ಚುಕ್ಕೆಗಳನ್ನು ಕರೆಸಿದ. ಕಂಡಲ್ಲಿಗೆ ಒಂದೊಂದಾಗಿ ಹೊಡೆದ. ಆಮೇಲೆ ನಿಂಬೆಹಣ್ಣು ಒಡೆದ. ನಾನು ಬಾಗಿಲಲ್ಲಿ ನಿಂತದ್ದನ್ನು ಆಗ ನೋಡಿದ, ನನ್ನ ಪಕ್ಕದ ಬಾಗಿಲ ಚೌಕಟ್ಟನ್ನು.

"ಗೊತ್ತಿತ್ತಾ?" ಎಂದು ಕೇಳಿದೆ.

"ಮೊದಲನೇ ಹಣ್ಣಿಗೇ ಗೊತ್ತಾಯ್ತು. ನನ್ನ ಕೈ ನಂಗೆ ಗೊತ್ತಿಲ್ವಾ?"

"ಮತ್ತೆ ಯಾಕಪ್ಪಾ?"

ಅಪ್ಪ ಬಂದೂಕನ್ನು ತೊಡೆಯ ಮೇಲೆ ಮಲಗಿಸಿ ಅದರ ಬೆನ್ನು ಸವರಿದ. "ಈ ಊರಲ್ಲಿ ಎಲ್ಲವೂ ನಂಗೆ ತಪ್ಪು ಅಂತಾವೆ ಕಾಳಿ. ಲೋಟ ತಪ್ಪು ಅನ್ನುತ್ತೆ, ಚಿಲಕ ತಪ್ಪು ಅನ್ನುತ್ತೆ. ಸಾವಂತ್ರಿ ಮನೆ ಬೆಕ್ಕು ಕೂಡ ಸವರಕ್ಕೆ ಹೋದ್ರೆ ಕೂತು ನೋಡುತ್ತೆ. ಇದೊಂದು ಬಂದು, ಮೌನೇಶ, ನೀನು ಹೊಡೆದಿದ್ದೇ ಸರಿ ಅಂತು. ನಾಲ್ಕು ದಿನ ಕೇಳೋಣ ಅನ್ನಿಸ್ತು."

"ಬುಧವಾರ?"

ಅಪ್ಪ ಬಂದೂಕಿನ ದೀಪ ಆರಿಸಿದ.

ಇಂದುಧರನಿಗೆ ಹೇಳಿದೆ. ಅವನು ಬಾಗಿಲ ಹಲಗೆಗೆ ಉಜ್ಜುತ್ತಿದ್ದ ಕೀಸುಳಿ ನಿಲ್ಲಿಸಿ, ಮುಂದಿನ ಬೀದಿಯ ಅಕ್ಕಸಾಲಿಯ ಹತ್ತಿರ ಹೋಗೋಣ, ಹಿಡಿದೇ ಚುಚ್ಚಲಿ, ಎಲ್ಲ ಮಕ್ಕಳೂ ಅಳುತ್ತವೆ ಎಂದ. ಆಮೇಲೆ ಅವನೇ, ಮೌನೇಶಾಚಾರಿಯ ಮೊಮ್ಮಗಳನ್ನು ಮುಂದಿನ ಬೀದಿಗೆ ಕರೆದುಕೊಂಡು ಹೋದರೆ ಮಾವ ಮತ್ತೆ ಜಗಲಿಗೆ ಬಂದು ಕೂರುತ್ತಾರಾ ಎಂದ. ನನಗೂ ಅದೇ ಕಾಣುತ್ತಿತ್ತು. ಅಪ್ಪನಿಗೆ ನೀನೇ ಹಿಡಿದು ಚುಚ್ಚು ಎನ್ನಲು ಮೂರು ಸಲ ಬಾಯಿ ತೆರೆದೆ. ಟೀವಿಗೆ ಕೈಯಿಟ್ಟು ಆಡು ಎಂದು ದೊಡ್ಡವನೊಬ್ಬನಿಗೆ ಹೇಳಿದ ಹಾಗಾಗುತ್ತದೆ ಎನ್ನಿಸಿ ಮೂರು ಸಲವೂ ಮುಚ್ಚಿದೆ. ಕೊನೆಗೆ ಹೀಗೆ ನಿರ್ಧರಿಸಿದೆ. ನಾನು ನೆಲ ನೋಡುವುದಿಲ್ಲ. ಸೂಜಿಯನ್ನು ನೋಡುತ್ತೇನೆ. ಅದು ಅರ್ಧ ಗೇಣಿಗೆ ಬರುವಂತೆ ಕಂಡರೆ ಪಚ್ಚೆಯನ್ನು ಎತ್ತಿಕೊಂಡು ಎದ್ದುಬಿಡುತ್ತೇನೆ, ನೂರು ಜನರ ಎದುರಾದರೂ ಸರಿ, ಅಪ್ಪನ ಮರ್ಯಾದೆ ಅಲ್ಲಿಗೆ ಮುಗಿದರೂ ಸರಿ.

ಬುಧವಾರ ಬೆಳಿಗ್ಗೆ ನಡುಮನೆ ತುಂಬಿತು. ಪದ್ಮರಾಜಯ್ಯ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದ. ಅವನ ಬಂದೂಕು ಟೀವಿಯ ಕೆಳಗೆ ಹೂವು ಮುಡಿದು ಕೂತಿತ್ತು, ಹೂವು ಇಟ್ಟಿದ್ದು ಸಾವಂತ್ರಕ್ಕ. ಪಚ್ಚೆಗೆ ಹಸಿರು ಲಂಗ. ಅಪ್ಪ ಮಣೆಯ ಮೇಲೆ ನನ್ನೆದುರು ಕೂತು, ಬಂಗಾರದ ತಂತಿಯ ಸೂಜಿಯನ್ನು ತುಪ್ಪಕ್ಕೆ ಅದ್ದಿ, ಕಥೆ ಶುರುಮಾಡಿದ. ಒಂದೂರಲ್ಲಿ ಒಂದು ಇರುವೆ ಇತ್ತಂತೆ, ಅದಕ್ಕೆ ಒಂದು ಆನೆ ತೂಕ ಹಾಕುವ ತಕ್ಕಡಿ ಬೇಕಾಗಿತ್ತಂತೆ. ಪಚ್ಚೆ ಅವನ ಬಾಯಿ ನೋಡುತ್ತಿದ್ದಳು. ಎಲ್ಲ ತಾಯಂದಿರೂ ನೆಲ ನೋಡುವ ಗಳಿಗೆಯಲ್ಲಿ ನಾನು ತಲೆ ಎತ್ತಿಕೊಂಡೇ ಇದ್ದೆ.

ಸೂಜಿ ಎದ್ದಿತು. ಅದು ಎತ್ತ ಹೊರಟಿದೆ ಎಂದು ನನಗೆ ತಿಳಿಯಲಿಲ್ಲ. ಅಪ್ಪನಿಗೂ ತಿಳಿದಿರಲಿಲ್ಲ. ಅವನ ಕೈ ಸ್ವಲ್ಪ ಬಲಕ್ಕೆ ಬಂತು, ಹಿಂದಕ್ಕೆ ಹೋಯಿತು, ಮತ್ತೆ ಬಂದು ಗಾಳಿಯಲ್ಲಿ ನಿಂತಿತು. ಇರುವೆಯ ಕಥೆಯೂ ನಿಂತಿತು. ನನ್ನ ತೋಳುಗಳು ಪಚ್ಚೆಯ ಸೊಂಟವನ್ನು ಬಿಗಿದವು, ಮೊಣಕಾಲು ಏಳಲು ಸಿದ್ಧವಾಯಿತು. ಅಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡುತ್ತಿಲ್ಲವೆಂದು ಅವನಿಗೆ ಕಂಡಿತು.

ಅವನು ಎಡಗೈ ಚಾಚಿದ. ಗಾಳಿಯಲ್ಲಿ ತಡವುತ್ತ ಬಂದು, ಪಚ್ಚೆಯ ಭುಜಕ್ಕೆ ತಾಗಿ, ಅಲ್ಲಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಏರಿ, ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

ಪಚ್ಚೆಗೆ ಅನುಮಾನ ಬಂತು. ನಮ್ಮ ಮನೆಯಲ್ಲಿ ಯಾವ ಮಗುವೂ ಅತ್ತಿರದ ಅಳುವನ್ನೆಲ್ಲ ಅವಳೊಬ್ಬಳೇ ಅತ್ತಳು. ಅಪ್ಪ ಚುಚ್ಚಿದ. ಸರಿಯಾಗಿ ಹಾಲೆಯ ಮಧ್ಯಕ್ಕೆ, ಒಂದು ಕೂದಲೆಳೆಯೂ ಆಚೀಚೆ ಇಲ್ಲದೆ. ಇನ್ನೊಂದು ಕಿವಿಯನ್ನು ಹಿಡಿದ, ಅದನ್ನೂ ಚುಚ್ಚಿದ, ಓಲೆ ಹಾಕಿದ.

"ಹಿಡ್ಕೊಂಡೇಬಿಟ್ಟೆಯಲ್ಲೋ, ಮೌನೇಶಿ," ಅಂದಳು ಸಾವಂತ್ರಕ್ಕ. ಅವಳು ಛೇಡಿಸುತ್ತಿದ್ದಾಳೋ ಇಲ್ಲವೋ ಎಂದು ಅವಳ ದನಿಯಿಂದ ತಿಳಿಯುತ್ತಿರಲಿಲ್ಲ.

ಅಪ್ಪನಿಗೆ ಅದು ಕೇಳಿಸಿದಂತಿರಲಿಲ್ಲ. ಓಲೆ ಹಾಕಿಯಾಗಿತ್ತು, ಆದರೂ ಅವನು ಕಿವಿಯನ್ನು ಬಿಟ್ಟಿರಲಿಲ್ಲ. ಪಚ್ಚೆಯನ್ನೇ ನೋಡುತ್ತಿದ್ದ. ಈ ಸಲ ಅವಳ ಪಕ್ಕವನ್ನಲ್ಲ. ಜೀವಮಾನವಿಡೀ ಕಿವಿ ಚುಚ್ಚಿದವನು ಸೂಜಿಯ ತುದಿಯಲ್ಲಿ ಒಂದು ಮಗುವನ್ನೂ ಇದ್ದಲ್ಲಿ ನೋಡಿರಲಿಲ್ಲ, ನನ್ನನ್ನೂ. ಪಚ್ಚೆ ಅಳುತ್ತಲೇ ಅವನ ಮೀಸೆ ಹಿಡಿದಳು.

ಜನ ಒಬ್ಬೊಬ್ಬರಾಗಿ ಊಟಕ್ಕೆ ಎದ್ದರು. ಅಪ್ಪನ ಕಡೆ ನೋಡದ ಹಾಗೆ ಎಲ್ಲರೂ ಎಚ್ಚರ ವಹಿಸಿದ್ದರು. ಪದ್ಮರಾಜಯ್ಯ ಮಾತ್ರ ಎದ್ದು ಬಂದು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನ ಮುಖದಲ್ಲಿ ಮಾರುವವನ ನಗು ಇರಲಿಲ್ಲ, ನಿಜವಾದ ಸಂಕಟವಿತ್ತು. ತನ್ನ ಅಂಗಡಿಯ ಸಾಮಾನಿನಿಂದ ಹೀಗಾಯಿತೆಂದು ಅವನಿಗೆ ಅನ್ನಿಸಿತ್ತು. ಬಂದೂಕಿಗೆ ದುಡ್ಡು ಬೇಡ, ಇಟ್ಟುಕೊಳ್ಳಿ ಎಂದ. ಅಷ್ಟೇ ಅಲ್ಲ, ಅದರೊಳಗಿನ ಕಣ್ಣನ್ನೂ ದೀಪಗಳನ್ನೂ ಬಿಚ್ಚಿ ಸೂಜಿಗೆ ಕೂರುವಷ್ಟು ಚಿಕ್ಕದಾಗಿ ಮಾಡಿಕೊಡುವವರು ಹೊರಗೆ ಇದ್ದಾರೆ, ಖರ್ಚು ಪೂರ್ತಿ ತನ್ನದು ಎಂದ.

"ನಿಮ್ಮ ಕೈಯನ್ನ ಅದೇ ಕಲಿಯುತ್ತೆ ಆಚಾರ್ರೇ. ಮುಂಚಿನ ಹಾಗೇ, ಮುಟ್ಟೋ ಅಗತ್ಯಾನೇ ಇಲ್ಲ. ಮಕ್ಕಳು ಅಳೋದಿಲ್ಲ."

ಅಪ್ಪ ಅವನ ಕಡೆ ತಿರುಗಲಿಲ್ಲ. ಅವನ ಎರಡು ಬೆರಳು ಇನ್ನೂ ಪಚ್ಚೆಯ ಕಿವಿಯ ಮೇಲಿದ್ದವು.

"ಬೇಡ," ಅಂದ.